730 ಹೆಜ್ಜೆ: ಕಾದಂಬರಿ ಹಿಡಿದು ಪೀಟರ್ಸ್‌ಬರ್ಗಿನ ಒಂದು ಕೇರಿಯಲ್ಲಿ

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ಮೊದಲ ವಾಕ್ಯದಲ್ಲೇ ಎರಡು ಹೆಸರುಗಳನ್ನು ನುಂಗಿ ಹಾಕಲಾಗಿದೆ. ಜುಲೈ ತಿಂಗಳ ಆರಂಭ, ವಿಪರೀತ ಸೆಕೆ, ಸಂಜೆ ಹೊತ್ತು. ರಾಸ್ಕೋಲ್ನಿಕೊವ್ ಎಂಬ ಯುವಕ ‘ಎಸ್. ಓಣಿ’ಯ ತನ್ನ ಗೂಡಿನಂಥ ಕೋಣೆಯಿಂದ ಹೊರಬಿದ್ದು ‘ಕೆ. ಸೇತುವೆ’ಯ ಕಡೆ ನಿಧಾನವಾಗಿ ನಡೆಯುತ್ತಾನೆ. ಯಾವ ಓಣಿ, ಯಾವ ಸೇತುವೆ ಎಂದು ಹೇಳುವುದಿಲ್ಲ. ಆದರೆ ನಾಲ್ಕಾರು ಪುಟ ದಾಟುವುದರೊಳಗೆ ಅದೇ ಲೇಖಕ, ಆ ಯುವಕನ ಮನೆಯ ಹೆಬ್ಬಾಗಿಲಿನಿಂದ, ಅವನು ಮುಂದೆ ಕೊಲ್ಲಲಿರುವ ಬಡ್ಡಿ ಮುದುಕಿಯ ಮನೆಗೆ ಸರಿಯಾಗಿ 730 ಹೆಜ್ಜೆ ಎಂದು ಬಿಡುತ್ತಾನೆ. ಸುಮಾರು ಏಳುನೂರು ಅಂತಲ್ಲ, 730. ಹೆಸರು ಮುಚ್ಚಿಟ್ಟವನು ಅಳತೆ ಮುಚ್ಚಿಡಲಿಲ್ಲ.

ಈ ಕಾದಂಬರಿಯ ಜಾಗಗಳನ್ನು ನೋಡಲು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗುವವರಲ್ಲಿ ಬಹಳ ಮಂದಿ ಇದನ್ನು ತಿರುಗುಮುರುಗು ಮಾಡಿಕೊಳ್ಳುತ್ತಾರೆ. ‘ರಾಸ್ಕೋಲ್ನಿಕೊವ್‌ನ ಮನೆ ಯಾವುದು’ ಎಂದು ಹುಡುಕಿ, ಅದರ ಮುಂದೆ ಫೋಟೊ ತೆಗೆಸಿಕೊಂಡು ಮೆಟ್ರೊ ಹತ್ತುತ್ತಾರೆ. ಆ ಮನೆ ಅದೇ ಹೌದೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಖಚಿತವಾಗಿರುವುದು ದೂರಗಳು, ಮಹಡಿಗಳು, ಮೆಟ್ಟಿಲುಗಳು, ಬಿಸಿಲಿನ ದಿಕ್ಕು, ಗಂಟೆ ಹೊಡೆಯುವ ಹೊತ್ತು. ಅವನ್ನು ಹಿಡಿದು ನಡೆದರೆ ಮಾತ್ರ ಪುಸ್ತಕ ಓದುವಾಗ ಹೊಳೆಯದ ಒಂದು ಸಂಗತಿ ಕಾಲಿಗೆ ತಿಳಿಯುತ್ತದೆ: ಎಲ್ಲವೂ ಕೂಗಳತೆಯಲ್ಲಿದೆ. ಕೊಂದವನ ಅಟ್ಟ, ಸತ್ತವಳ ಬಾಗಿಲು, ಅವನು ತಪ್ಪೊಪ್ಪಿಕೊಳ್ಳುವ ಸೋನ್ಯಾಳ ಕೋಣೆ, ಪೊಲೀಸ್ ಕಚೇರಿ, ಸಂತೆಮಾಳ, ಎಲ್ಲ.

ಅದಕ್ಕೆ ಕಾರಣ ಸರಳ. ಲೇಖಕನೂ ಅಲ್ಲೇ ಇದ್ದ. 1864ರ ಆಗಸ್ಟ್‌ನಿಂದ 1867ರ ಜನವರಿವರೆಗೆ ದಾಸ್ತೊಯೆವ್‌ಸ್ಕಿ ಬಾಡಿಗೆಗಿದ್ದದ್ದು ಅಂದಿನ ಮಾಲಯಾ ಮೆಶ್ಚಾನ್ಸ್ಕಯಾ ಬೀದಿಯ ಅಲೋನ್‌ಕಿನ್ ಎಂಬುವವರ ಮನೆಯಲ್ಲಿ, ಅಂದರೆ ಇಂದಿನ ಕಜ್ನಚೇಯ್ಸ್ಕಯಾ ಬೀದಿ 7ನೇ ನಂಬರು. ಅದು ಸ್ತೊಲ್ಯಾರ್ನಿ ಓಣಿಯ ಮೂಲೆಮನೆ. ಮೊದಲ ವಾಕ್ಯದ ‘ಎಸ್. ಓಣಿ’ ಅದೇ ಸ್ತೊಲ್ಯಾರ್ನಿ, ಬಡಗಿಗಳ ಓಣಿ. 1866ರಲ್ಲಿ ‘ರುಸ್ಕಿ ವೆಸ್ತ್‌ನಿಕ್’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿಯ ಬಹುಭಾಗವನ್ನು ಬರೆದದ್ದು ಆ ಮನೆಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಶೀಘ್ರಲಿಪಿ ಬರೆದುಕೊಳ್ಳಲು ಅಲ್ಲಿಗೆ ಬಂದ ಆನಾ ಗ್ರಿಗೊರ್ಯೆವ್ನಾ ಮರುವರ್ಷ ಫೆಬ್ರವರಿಯಲ್ಲಿ ಅವನನ್ನು ಮದುವೆಯಾದಳು. ಮೊದಲಕ್ಷರಗಳ ಹಿಂದಿನ ಹೆಸರುಗಳನ್ನು ಮುಂದೆ ಟಿಪ್ಪಣಿ ಬರೆದು ಬಿಡಿಸಿದವರಲ್ಲಿ ಅವಳು ಮುಖ್ಯಳು. ಗಂಡನ ಜೊತೆ ಆ ಬೀದಿಗಳಲ್ಲಿ ತಿರುಗಾಡಿದವಳು, ಅವಳ ಮಾತಿಗೆ ತೂಕವಿದೆ.

ಹೊರಡುವ ಮುಂಚೆ ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಹಳೆಯ ಮಾರ್ಗದರ್ಶಿ ಪುಸ್ತಕ, ಕಾದಂಬರಿ, ಫೋನಿನ ನಕಾಶೆ ಮೂರೂ ಮೂರು ಊರಿನ ಮಾತಾಡುತ್ತವೆ. ಕಾದಂಬರಿಯಲ್ಲಿ ಜನ ಬರೀ ‘ಕನಾವಾ’ ಎನ್ನುವುದು, ಅಂದರೆ ಚರಂಡಿಯಂಥ ಕಾಲುವೆ, ಅಂದಿನ ಯೆಕತೆರೀನಾ ಕಾಲುವೆ. 1923ರಿಂದ ಅದು ಗ್ರಿಬೊಯೆದೊವ್ ಕಾಲುವೆ. ನಡುವಿನ ಮೆಶ್ಚಾನ್ಸ್ಕಯಾ ಬೀದಿ ಈಗ ಗ್ರಜ್ದಾನ್ಸ್ಕಯಾ. ಸ್ತೊಲ್ಯಾರ್ನಿ ಓಣಿಗೆ ಸೋವಿಯತ್ ಕಾಲದಲ್ಲಿ ಪ್ರಜೆವಾಲ್ಸ್ಕಿ ಬೀದಿ ಎಂಬ ಹೆಸರಿತ್ತು, ಈಗ ಮತ್ತೆ ಸ್ತೊಲ್ಯಾರ್ನಿ. ವೊಜ್ನೆಸೆನ್ಸ್ಕಿ ಪ್ರಾಸ್ಪೆಕ್ಟ್ ಮಯೋರೊವ್ ಪ್ರಾಸ್ಪೆಕ್ಟ್ ಆಗಿ ಹಳೆ ಹೆಸರಿಗೆ ಮರಳಿದೆ. ಸೆನ್ನಾಯಾ ಚೌಕ, ಅಂದರೆ ಹುಲ್ಲು ಮಾರುವ ಸಂತೆಮಾಳ, ಕೆಲವು ದಶಕ ‘ಶಾಂತಿ ಚೌಕ’ವಾಗಿತ್ತು. ನೆವಾ ನದಿಯ ನಿಕೊಲಾಯೆವ್ಸ್ಕಿ ಸೇತುವೆ ಲೆಫ್ಟಿನೆಂಟ್ ಶ್ಮಿತ್ ಸೇತುವೆಯಾಗಿ, ಈಗ ಬ್ಲಗೊವೆಶ್ಚೆನ್ಸ್ಕಿ. ಒಂದು ಚೀಟಿಯಲ್ಲಿ ಇವನ್ನು ರಷ್ಯನ್ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಬೀದಿಯ ಫಲಕಗಳ ಜೊತೆ ಹೋಲಿಸಿ ನೋಡಬಹುದು. ಫೋನನ್ನೇ ನಂಬಿ ಹೋಗಬೇಡಿ. ಇತ್ತೀಚಿನ ವರ್ಷಗಳಲ್ಲಿ ಆ ಊರಲ್ಲಿ ಜಿಪಿಎಸ್ ಚುಕ್ಕಿ ಎಲ್ಲೆಲ್ಲೋ ನೆಗೆಯುವುದುಂಟು. ಕಾಗದದ ನಕಾಶೆ ಇರಲಿ. ನಗದೂ ಇರಲಿ, ಏಕೆಂದರೆ 2022ರ ಮಾರ್ಚ್‌ನಿಂದ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು ವಸ್ತುಸಂಗ್ರಹಾಲಯದ್ದು. ದಾಸ್ತೊಯೆವ್‌ಸ್ಕಿ ಸ್ಮಾರಕ ಮ್ಯೂಸಿಯಂ ಇರುವುದು ಕುಜ್ನೆಚ್ನಿ ಓಣಿಯಲ್ಲಿ, ವ್ಲದೀಮಿರ್ಸ್ಕಯಾ ಮೆಟ್ರೊ ಪಕ್ಕ. ಅದು ಅವನು 1878ರಿಂದ 1881ರಲ್ಲಿ ಸಾಯುವವರೆಗೆ ಇದ್ದ ಮನೆ. ನೋಡಬೇಕಾದ್ದೇ, ಆದರೆ ಅದು ಈ ಕಾದಂಬರಿಯ ಕೇರಿಯಲ್ಲ. ಈ ಪುಸ್ತಕ ಮುಗಿದು ಹನ್ನೆರಡು ವರ್ಷದ ಮೇಲಿನ ವಿಳಾಸ. ಅಲ್ಲಿ ನಿಂತು ರಾಸ್ಕೋಲ್ನಿಕೊವ್‌ನ ಅಟ್ಟಕ್ಕಾಗಿ ಸುತ್ತ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಕೇರಿಗೆ ಇಳಿಯಬೇಕಾದದ್ದು ಸೆನ್ನಾಯಾ ಪ್ಲೋಶ್ಚದ್ ನಿಲ್ದಾಣದಲ್ಲಿ. ಸದೋವಯಾ, ಸ್ಪಾಸ್ಕಯಾ ಎಂಬ ಇನ್ನೆರಡು ನಿಲ್ದಾಣಗಳು ಅದಕ್ಕೇ ನೆಲದಡಿಯಲ್ಲಿ ಸೇರಿಕೊಂಡಿವೆ, ಯಾವ ಮಾರ್ಗದಲ್ಲಿ ಬಂದರೂ ಸರಿ.

ಯಾವಾಗ ಹೋಗಬೇಕು ಎಂಬುದರಲ್ಲೂ ಒಂದು ಲೆಕ್ಕವಿದೆ, ಮತ್ತು ಅದನ್ನು ಬಹುತೇಕರು ಮಾಡುವುದಿಲ್ಲ. ಕಾದಂಬರಿಯ ‘ಜುಲೈ ಆರಂಭ’ ಹಳೆಯ ಜೂಲಿಯನ್ ಪಂಚಾಂಗದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಮ್ಮ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು. ಆದ್ದರಿಂದ ಆ ಬಿಸಿಲು ಬೇಕಾದವರು ಜುಲೈ ಮಧ್ಯ ಕಳೆದ ಮೇಲೆ, 15ರಿಂದ 25ರ ನಡುವೆ ಹೋಗಬೇಕು. ಜೂನ್ ಕೊನೆಯ ‘ಬಿಳಿ ರಾತ್ರಿ’ಗಳ ಗದ್ದಲ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಗಂಟೆಯಲ್ಲೂ ವ್ಯತ್ಯಾಸವಿದೆ. ಅಂದು ಊರಿನ ಗಡಿಯಾರ ಊರಿನ ಸೂರ್ಯನ ಪ್ರಕಾರ ನಡೆಯುತ್ತಿತ್ತು, ಗ್ರೀನಿಚ್‌ಗಿಂತ 2 ಗಂಟೆ 1 ನಿಮಿಷ ಮುಂದೆ. ಇಂದು ಅಲ್ಲಿ ಮಾಸ್ಕೋ ಸಮಯ, 3 ಗಂಟೆ ಮುಂದೆ. ಅಂದರೆ ಕಾದಂಬರಿಯಲ್ಲಿ ಏಳೂವರೆ ಹೊಡೆದಾಗ ಇದ್ದ ಬಿಸಿಲು ಇವತ್ತಿನ ಕೈಗಡಿಯಾರದಲ್ಲಿ ಎಂಟೂವರೆಯದು. ಆ ದಿನಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಅಷ್ಟು ಬೆಳಕಿನಲ್ಲಿ ಕೊಲೆ! ದೀಪವಿಲ್ಲದ ಕಗ್ಗತ್ತಲಲ್ಲಿ ನಡೆದದ್ದೆಂದು ನೆನಪಿನಲ್ಲಿ ಉಳಿಸಿಕೊಂಡವರು ಹೊತ್ತಿನ ವಿವರಗಳನ್ನು ಇನ್ನೊಮ್ಮೆ ಓದಬೇಕು.

ಈಗ ಕಾಲು. ಮೆಟ್ರೊದಿಂದ ಮೇಲೆ ಬಂದು ಸದೋವಯಾ ಬೀದಿ ದಾಟಿ ಕೊಕೂಶ್ಕಿನ್ ಓಣಿ ಹಿಡಿದರೆ ಐದೇ ನಿಮಿಷಕ್ಕೆ ಕಾಲುವೆ ಸಿಗುತ್ತದೆ. ಮುಂದಿರುವುದು ಕೊಕೂಶ್ಕಿನ್ ಸೇತುವೆ, ಮೊದಲ ವಾಕ್ಯದ ‘ಕೆ’. ಚಿಕ್ಕ ಸೇತುವೆ, ‘ಇದೇನಾ?’ ಎನಿಸುವಷ್ಟು. ದಾಟಿದರೆ ಎದುರಿಗೇ ಸ್ತೊಲ್ಯಾರ್ನಿ ಓಣಿ. ಇಂದು ಅದು ನಿಶ್ಶಬ್ದ ಓಣಿ, ಅಂಚಿಗೆ ಕಾರುಗಳು ನಿಂತಿರುತ್ತವೆ. 1865ರಲ್ಲಿ ಊರಿನ ಒಂದು ಪತ್ರಿಕೆ ಇದರ ಲೆಕ್ಕ ಹಾಕಿತ್ತು: ಓಣಿಯಲ್ಲಿರುವ ಮನೆಗಳು 16, ಹೆಂಡದಂಗಡಿಗಳು 18. ಮಾರ್ಮೆಲಾದೊವ್‌ನಂಥ ಕುಡುಕನನ್ನು ಸೃಷ್ಟಿಸಲು ಲೇಖಕ ಬಹಳ ದೂರ ಹೋಗಬೇಕಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು.

ಓಣಿಯಲ್ಲಿ ಮುಂದೆ ನಡೆದರೆ ಮೊದಲು ಕಜ್ನಚೇಯ್ಸ್ಕಯಾದ ಮೂಲೆ, ಅಲ್ಲಿ ಲೇಖಕನ ಮನೆ. ಆಮೇಲೆ ಗ್ರಜ್ದಾನ್ಸ್ಕಯಾದ ಮೂಲೆ. ಅಲ್ಲಿ ಎಡವಿ ಬೀಳುವಷ್ಟು ಸ್ಪಷ್ಟವಾಗಿ ‘ರಾಸ್ಕೋಲ್ನಿಕೊವ್‌ನ ಮನೆ’ ಎಂದು ಕೆತ್ತಿದ ಕಲ್ಲು, ದಾಸ್ತೊಯೆವ್‌ಸ್ಕಿಯ ಉಬ್ಬುಶಿಲ್ಪ ಇವೆ, 1999ರಲ್ಲಿ ಹಾಕಿದ್ದು. ವಿಳಾಸ ಗ್ರಜ್ದಾನ್ಸ್ಕಯಾ 19, ಅದೇ ಸ್ತೊಲ್ಯಾರ್ನಿ 5. ಎರಡು ಬೀದಿಗೆ ಮುಖವಿರುವ ಮೂಲೆಮನೆಗೆ ಎರಡು ನಂಬರು ಇರುವುದು ಆ ಊರಿನ ಪದ್ಧತಿ, ಇದರಿಂದ ಗಲಿಬಿಲಿಗೊಳ್ಳಬೇಡಿ. ಕಾದಂಬರಿ ಹೇಳುವುದು ಎತ್ತರದ ಐದಂತಸ್ತಿನ ಮನೆ, ಸೂರಿನಡಿಯ ಗೂಡು, ಕೋಣೆಯ ಉದ್ದ ಆರು ಹೆಜ್ಜೆ, ಅಲ್ಲಿಂದ ಕೆಳಗೆ ಮನೆಯೊಡತಿಯ ಅಡುಗೆಮನೆ ಹಾದು ಹೋಗಲು 13 ಮೆಟ್ಟಿಲು. ಈ ಕಟ್ಟಡ ಅದಕ್ಕೆ ಎಲ್ಲ ರೀತಿಯಲ್ಲೂ ಹೊಂದುವುದಿಲ್ಲ ಎನ್ನುವವರು ಅದೇ ಓಣಿಯ ಬೇರೆ ಮನೆಗಳನ್ನು ತೋರಿಸುತ್ತಾರೆ. ಬರವಣಿಗೆಯೇ ಎರಡು ಮೂರು ಮನೆಗಳನ್ನು ಬೆರೆಸಿ ಒಂದು ಮಾಡಿರುವ ಸಾಧ್ಯತೆ ಇದ್ದೇ ಇದೆ. ಕಲ್ಲು ಹಾಕಿದವರಿಗೆ ಒಂದು ಮೂಲೆ ಬೇಕಿತ್ತು.

ಒಳಗೆ ಹೋಗಿ ಮೆಟ್ಟಿಲು ಎಣಿಸುವ ಆಸೆ ಎಲ್ಲರಿಗೂ ಇರುತ್ತದೆ. ಹೆಬ್ಬಾಗಿಲಿಗೆ ಜಾಲರಿ ಗೇಟು, ಕೋಡ್ ಒತ್ತುವ ಬೀಗ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ವರ್ಷಗಳ ಕಾಲ ಓದುಗರು ಬಂದು ಮೆಟ್ಟಿಲ ಗೋಡೆಯ ತುಂಬ ರಾಸ್ಕೋಲ್ನಿಕೊವ್‌ಗೆ ಸಂದೇಶ ಗೀಚಿ ಹೋಗಿ ಅವರ ತಾಳ್ಮೆ ಕೆಡಿಸಿದ್ದಾರೆ. ಯಾರೋ ನಿವಾಸಿ ಒಳಹೋಗುವಾಗ ಅವರ ಬೆನ್ನಿಗೆ ನುಸುಳುವುದು ಬೇಡ. ಸ್ಥಳೀಯ ಮಾರ್ಗದರ್ಶಿಗಳ ಜೊತೆ ಹೋದರೆ ಕೆಲವು ವಠಾರಗಳ ಅಂಗಳಕ್ಕೆ ಪ್ರವೇಶ ಸಿಗುವುದುಂಟು.

ವಠಾರ ಎಂಬ ನಮ್ಮ ಪದ ಇಲ್ಲಿ ಚೆನ್ನಾಗಿ ಕೂರುತ್ತದೆ. ಬೀದಿಗೆ ಮುಖಮಾಡಿದ ಗೋಡೆ, ನಡುವೆ ಕಮಾನಿನ ಹೆಬ್ಬಾಗಿಲು, ಒಳಗೆ ಬಾವಿಯ ತಳದಂತೆ ನಾಲ್ಕೂ ಕಡೆ ಎದ್ದ ಗೋಡೆಗಳ ಅಂಗಳ, ಅಂಗಳದಿಂದ ಬೇರೆಬೇರೆ ಮೆಟ್ಟಿಲುಗಳು. ಈ ಅಂಗಳಗಳನ್ನು ಅಲ್ಲಿಯವರು ಬಾವಿ ಅಂಗಳ ಎಂದೇ ಕರೆಯುತ್ತಾರೆ. ಅಂಗಳ ಕಾಯುವವನು, ಕಸ ಗುಡಿಸುವವನು, ರಾತ್ರಿ ಬಾಗಿಲು ಹಾಕುವವನು ‘ದ್ವೋರ್ನಿಕ್’. ರಾಸ್ಕೋಲ್ನಿಕೊವ್ ಕೊಡಲಿ ಎತ್ತಿಕೊಂಡದ್ದು ತನ್ನ ವಠಾರದ ದ್ವೋರ್ನಿಕ್‌ನ ಕೋಣೆಯಿಂದ. ಎರಡು ಮೆಟ್ಟಿಲು ಕೆಳಗೆ ಇಳಿಯಬೇಕಾದ ಕೋಣೆ. ಅಡುಗೆಮನೆಯದನ್ನು ತೆಗೆದುಕೊಳ್ಳಬೇಕೆಂದಿದ್ದ, ಅಲ್ಲಿ ಮನೆಗೆಲಸದ ನಸ್ತಾಸ್ಯಾ ಇದ್ದಳು. ಅವನ ಯೋಜನೆ ಮೊದಲು ತಪ್ಪಿದ್ದು ಇಲ್ಲೇ, ಹದಿಮೂರನೆಯ ಮೆಟ್ಟಿಲಲ್ಲಿ.

ಈಗ ಎಣಿಕೆ ಶುರು. ಮುದುಕಿಯ ಮನೆ ಎಂದು ಸಾಮಾನ್ಯವಾಗಿ ಒಪ್ಪಿರುವುದು ಗ್ರಿಬೊಯೆದೊವ್ ಕಾಲುವೆ 104, ಸ್ರೆದ್‌ನ್ಯಾಯಾ ಪೊದ್ಯಾಚೆಸ್ಕಯಾ 15. ಕಾದಂಬರಿಯ ವಿವರಣೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಒಂದು ಗೋಡೆ ಕಾಲುವೆಗೆ, ಇನ್ನೊಂದು ಬೀದಿಗೆ, ಎರಡು ಹೆಬ್ಬಾಗಿಲು, ಎರಡು ಅಂಗಳ, ಸಣ್ಣಪುಟ್ಟ ಕಸುಬಿನವರು ತುಂಬಿ ತುಳುಕುವ ದೊಡ್ಡ ಕಟ್ಟಡ. ಇದನ್ನೇ ಆಯ್ದುಕೊಂಡದ್ದರಲ್ಲಿ ಲೆಕ್ಕಾಚಾರವಿದೆ. ಒಂದೇ ಬಾಗಿಲಿನ ಮನೆಯಾಗಿದ್ದರೆ ಕಾವಲಿನವನ ಕಣ್ಣು ತಪ್ಪಿಸಲಾಗುತ್ತಿರಲಿಲ್ಲ.

ಸ್ತೊಲ್ಯಾರ್ನಿಯಿಂದ ಅಲ್ಲಿಗೆ ಎರಡು ದಾರಿ. ಕೊಕೂಶ್ಕಿನ್ ಸೇತುವೆ ದಾಟಿ ಕಾಲುವೆಯ ಆಚೆ ದಂಡೆಯಲ್ಲೇ ಬಲಕ್ಕೆ ಸಾಗಬಹುದು. ಇಲ್ಲವೇ ಗ್ರಜ್ದಾನ್ಸ್ಕಯಾದಲ್ಲಿ ನಡೆದು, ವೊಜ್ನೆಸೆನ್ಸ್ಕಿ ಪ್ರಾಸ್ಪೆಕ್ಟ್‌ಗೆ ಬಂದು, ವೊಜ್ನೆಸೆನ್ಸ್ಕಿ ಸೇತುವೆ ದಾಟಬಹುದು. ಕಾಲುವೆಯ ಒಂದು ದಂಡೆಗೆ ಬೆಸ ಸಂಖ್ಯೆ, ಇನ್ನೊಂದಕ್ಕೆ ಸಮ ಸಂಖ್ಯೆ. 104ರ ಕಡೆಗೆ ಹೋಗಬೇಕಾದವರು ಬೆಸ ನಂಬರಿನ ದಂಡೆಯಲ್ಲೇ ನಡೆಯುತ್ತಿದ್ದರೆ ಸೇತುವೆ ದಾಟುವುದನ್ನು ಮರೆತಿದ್ದಾರೆ ಎಂದರ್ಥ.

ಎಷ್ಟಾಗುತ್ತದೆ? ರಷ್ಯದ ಹಳೆಯ ಅಳತೆ ಅರ್ಶಿನ್ 71 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಹೆಜ್ಜೆ. 730 ಅರ್ಶಿನ್ ಅಂದರೆ 519 ಮೀಟರ್. ಅರ್ಧ ವೆರ್ಸ್ಟ್‌ಗೆ, ಅಂದರೆ 533 ಮೀಟರಿಗೆ, 20 ಹೆಜ್ಜೆ ಮಾತ್ರ ಕಡಿಮೆ. ನಕಾಶೆಯಲ್ಲಿ ಈ ಎರಡು ಮನೆಗಳ ನಡುವಿನ ನಡಿಗೆ ಅರ್ಧ ಕಿಲೋಮೀಟರಿಗಿಂತ ಚೆನ್ನಾಗಿಯೇ ಹೆಚ್ಚಿದೆ. ಸಾಧಾರಣ ಎತ್ತರದವರ ಎಣಿಕೆ 730ಕ್ಕೆ ನಿಲ್ಲುವುದಿಲ್ಲ; ಚಿಕ್ಕ ಹೆಜ್ಜೆಯವರದು ಸಾವಿರದ ಆಚೆ ಹೋಗುತ್ತದೆ. ಕೆಲವರಿಗೆ ಇದರಿಂದ ನಿರಾಸೆ. ಹಾಗಾಗಬೇಕಿಲ್ಲ. ಅವನು ಸರಾಸರಿಗಿಂತ ಎತ್ತರದವನು ಎಂದು ಕಾದಂಬರಿ ಹೇಳುತ್ತದೆ, ಹೆಜ್ಜೆ ದೊಡ್ಡದಿರಬಹುದು. ಹೊರಟ ಮನೆ ಬೇರೆಯದಿರಬಹುದು. ಅದಕ್ಕಿಂತ ಮುಖ್ಯ, ಎಣಿಸಿದ ಸಂದರ್ಭ. ಆ ಕೆಲಸ ಇನ್ನೂ ಬರೀ ಹಗಲುಗನಸಾಗಿದ್ದಾಗ ಒಮ್ಮೆ ಸುಮ್ಮನೆ ಎಣಿಸಿದ್ದ. ಎಣಿಸುವಾಗ ತಾನೇ ತನ್ನನ್ನು ನಂಬಿರಲಿಲ್ಲ. ಮೈಗೆ ಮಾತ್ರ ದಾರಿ ಕಂಠಪಾಠವಾಗಿಬಿಟ್ಟಿತ್ತು.

ಕೊಲೆಯ ದಿನ ಅವನು ಈ ಹತ್ತಿರದ ದಾರಿ ಹಿಡಿಯಲಿಲ್ಲ ಎಂಬುದನ್ನೂ ಗಮನಿಸಿ. ಗಡಿಬಿಡಿಯಿದ್ದರೂ, ಮನೆಯನ್ನು ಇನ್ನೊಂದು ಮಗ್ಗುಲಿನಿಂದ ಸೇರಬೇಕೆಂದು ಸುತ್ತು ಹಾಕುತ್ತಾನೆ. ಸದೋವಯಾ ಬೀದಿಯ ಯೂಸುಪೊವ್ ತೋಟದ ಪಕ್ಕ ಹೋಗುವಾಗ ತಲೆಯಲ್ಲಿ ಓಡುತ್ತಿದ್ದದ್ದು ಊರಿನ ಚೌಕಗಳಲ್ಲಿ ಎತ್ತರದ ಕಾರಂಜಿ ಹಾಕಿದರೆ ಗಾಳಿ ಎಷ್ಟು ತಂಪಾದೀತು ಎಂಬ ವಿಚಾರ! ತೋಟ ಈಗಲೂ ಇದೆ, ಸಾರ್ವಜನಿಕರಿಗೆ ತೆರೆದಿದೆ, ಕೊಳವಿದೆ. ನಡಿಗೆಯ ಮಧ್ಯೆ ಕೂತು ನೀರು ಕುಡಿಯಲು ಈ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪುಸ್ತಕ ಜೊತೆಗಿದ್ದರೆ ಆ ಪುಟವನ್ನು ಇಲ್ಲೇ ಓದಿ. ಕನ್ನಡದಲ್ಲಿ ಓ.ಎಲ್. ನಾಗಭೂಷಣ ಸ್ವಾಮಿಯವರ ಅನುವಾದ ಇದೆ, ಹೊರಡುವ ಮುಂಚೆ ಅಳತೆ ಬರುವ ಸಾಲುಗಳಿಗೆಲ್ಲ ಪೆನ್ಸಿಲ್ ಗೀಟು ಹಾಕಿಟ್ಟುಕೊಂಡರೆ ಬೀದಿಯಲ್ಲಿ ಪುಟ ಮಗುಚುವ ಪಾಡು ತಪ್ಪುತ್ತದೆ.

ತೋಟದಿಂದ ಮುದುಕಿಯ ಮನೆಗೆ ಬರುವ ಹೊತ್ತಿಗೆ ಎಲ್ಲೋ ಗಡಿಯಾರ ಒಂದು ಹೊಡೆತ ಹೊಡೆಯುತ್ತದೆ, ಏಳೂವರೆ. ತಡವಾಗಿತ್ತು. ಹಿಂದಿನ ಸಂಜೆ ಸೆನ್ನಾಯಾದಲ್ಲಿ ವ್ಯಾಪಾರಿ ದಂಪತಿ ಮುದುಕಿಯ ತಂಗಿ ಲಿಜವೇತಾಳನ್ನು ತಮ್ಮಲ್ಲಿಗೆ ಕರೆದದ್ದು ರಷ್ಯನ್ ನುಡಿಗಟ್ಟಿನ ಪ್ರಕಾರ ‘ಏಳನೆಯ ಗಂಟೆಯೊಳಗೆ’, ಅಂದರೆ ಆರರಿಂದ ಏಳರ ನಡುವೆ. ಅವನ ತಲೆಗೆ ಹೊಕ್ಕದ್ದು ‘ಸರಿಯಾಗಿ ಏಳು ಗಂಟೆ’. ಆಮೇಲೆ ನಿದ್ದೆಹೋಗಿ ಅದಕ್ಕೂ ಅರ್ಧ ಗಂಟೆ ಜಾರಿದ. ಲಿಜವೇತಾ ವಾಪಸು ಬಂದು ತಾನೂ ಕೊಲೆಯಾಗಲು ಇಷ್ಟು ಸಾಕಾಯಿತು. ಅನುವಾದಗಳಲ್ಲಿ ಈ ಆರು, ಏಳರ ವ್ಯತ್ಯಾಸ ಬಹಳ ಸಲ ಕರಗಿಹೋಗುತ್ತದೆ. ಹೆಬ್ಬಾಗಿಲಲ್ಲಿ ಅವನನ್ನು ಮರೆಮಾಡಿದ್ದು ಅದೇ ಕ್ಷಣಕ್ಕೆ ಒಳನುಗ್ಗಿದ ಹುಲ್ಲಿನ ಬಂಡಿ. ಹುಲ್ಲಿನ ಸಂತೆ ಪಕ್ಕದಲ್ಲೇ ಇರುವ ಕೇರಿಯಲ್ಲಿ ಅದೇನೂ ಪವಾಡವಲ್ಲ.

ಮುದುಕಿ ಇದ್ದದ್ದು ನಾಲ್ಕನೆಯ ಅಂತಸ್ತು. ಇಲ್ಲಿ ಭಾರತೀಯರು ಎಡವುತ್ತಾರೆ. ರಷ್ಯದಲ್ಲಿ ನೆಲಮಹಡಿಯೇ ಒಂದನೆಯದು. ಹಾಗಾಗಿ ಅವರ ನಾಲ್ಕು ನಮ್ಮ ಮೂರನೇ ಮಹಡಿ. ಬಣ್ಣ ಬಳಿಯುವ ಹುಡುಗರಿದ್ದ ಖಾಲಿ ಮನೆ, ಅವರ ಎರಡನೆಯ ಅಂತಸ್ತು, ನಮ್ಮ ಒಂದನೆಯದು. ಅಂಗಳದಿಂದ ಕಿಟಕಿ ಎಣಿಸುವಾಗ ಇದನ್ನು ನೆನಪಿಡಿ. ಅವಳ ಹಳದಿ ಕಾಗದದ ಕೋಣೆ ಮುಳುಗುವ ಸೂರ್ಯನ ಬೆಳಕಿನಲ್ಲಿ ಝಗಝಗಿಸುತ್ತಿತ್ತು, ‘ಆಗಲೂ ಬಿಸಿಲು ಹೀಗೇ ಇರುತ್ತದೆ’ ಎಂದು ಅವನಿಗನ್ನಿಸಿತು. ಹಾಗಾದರೆ ಕಿಟಕಿ ಪಡುವಣಕ್ಕೇ ಇರಬೇಕು. ಸಂಜೆ ಎಂಟರಿಂದ ಒಂಬತ್ತರ ನಡುವೆ ಕಾಲುವೆ ದಂಡೆಯಲ್ಲಿ ನಿಂತು ಈ ಕಟ್ಟಡದ ಯಾವ ಮಗ್ಗುಲಿಗೆ ಬಿಸಿಲು ಬೀಳುತ್ತದೆ ನೋಡಿ. ಯಾವ ಮಾರ್ಗದರ್ಶಿಯೂ ಬೇಡದ ಪರೀಕ್ಷೆ ಇದು, ಮೋಡವಿದ್ದರೆ ಮಾತ್ರ ಕೈಕೊಡುತ್ತದೆ.

ವಾಪಸು ಬರುವಾಗ ವೊಜ್ನೆಸೆನ್ಸ್ಕಿ ಸೇತುವೆಯ ಮೇಲೆ ನಿಲ್ಲಿ. ಕುಡಿತದಿಂದ ಹದಗೆಟ್ಟ ಒಬ್ಬ ಹೆಂಗಸು ಕಾಲುವೆಗೆ ಹಾರುವುದನ್ನು ಅವನು ನೋಡುವುದು ಇಲ್ಲಿಂದ. ಅದಕ್ಕೂ ಮುಂಚೆ ಅವನ ಕಣ್ಣು ಒಂದು ಅಟ್ಟದ ಕಿಟಕಿಯ ಮೇಲಿರುತ್ತದೆ, ಕೊನೆಯ ಬಿಸಿಲು ಬಿದ್ದು ಬೆಂಕಿಯಂತೆ ಹೊಳೆಯುವ ಕಿಟಕಿ. ಒಂಬತ್ತೂವರೆಯ ಸುಮಾರಿಗೆ ಈ ಸೇತುವೆಯಿಂದ ಅಂಥ ಕಿಟಕಿಗಳು ಇವತ್ತಿಗೂ ಕಾಣುತ್ತವೆ. ಕಾಲುವೆಯ ಬೆಸ ದಂಡೆಯಲ್ಲಿ ಸೋನ್ಯಾಳ ಮನೆಯೂ ಇದೆ. ಬಹುತೇಕರು ತೋರಿಸುವುದು 73, ಕೆಲವರು 63. ಹುಡುಕಬೇಕಾದದ್ದು ನಂಬರನ್ನಲ್ಲ, ಕೋನವನ್ನು. ಅವಳ ಕೋಣೆಯ ಒಂದು ಮೂಲೆ ವಿಪರೀತ ಚೂಪು, ಇನ್ನೊಂದು ವಿಪರೀತ ಅಗಲ, ಮೂರು ಕಿಟಕಿ ಕಾಲುವೆಗೆ. ಈ ಕಾಲುವೆ ನೇರವಾಗಿ ಹರಿಯುವುದಿಲ್ಲ, ಹಾವಿನಂತೆ ಬಳಕುತ್ತದೆ. ಬೀದಿಗಳು ಅದಕ್ಕೆ ಓರೆಯಾಗಿ ಬಂದು ಮುಟ್ಟುವಲ್ಲಿ ಮನೆಗಳ ಮೂಲೆಗಳೆಲ್ಲ ಸೊಟ್ಟ. ಕಾದಂಬರಿಯ ವಿಕಾರ ಕೋಣೆ ಕಲ್ಪನೆಯ ಆಟವಲ್ಲ, ಕಾಲುವೆಯ ತಿರುವು ಮಾಡಿದ ಕೆಲಸ.

ಕದ್ದ ಮಾಲಿನ ಕತೆ ಈ ಕೇರಿಯಿಂದ ಸ್ವಲ್ಪ ಹೊರಗೆ. ಮೊದಲು ಎಲ್ಲವನ್ನೂ ಕಾಲುವೆಗೆ ಎಸೆಯಬೇಕೆಂದು ಅರ್ಧ ಗಂಟೆ ದಂಡೆಯಲ್ಲಿ ಅಲೆದ, ಆಗಲಿಲ್ಲ. ನೀರಿನ ಮೆಟ್ಟಿಲುಗಳ ಬಳಿ ತೆಪ್ಪ, ತೆಪ್ಪದ ಮೇಲೆ ಬಟ್ಟೆ ಒಗೆಯುವವರು, ದೋಣಿಗಳು, ಎಲ್ಲೆಡೆ ಜನ. ಈಗ ಪ್ರವಾಸಿಗರ ದೋಣಿಗಳು ಓಡುವ ಅದೇ ನೀರು ನೋಡಿದರೆ ಅವನ ಫಜೀತಿ ಅರ್ಥವಾಗುತ್ತದೆ. ಕಡೆಗೆ ವೊಜ್ನೆಸೆನ್ಸ್ಕಿ ಪ್ರಾಸ್ಪೆಕ್ಟ್ ಚೌಕಕ್ಕೆ ಬಂದು ಸೇರುವಲ್ಲಿ ಎಡಗಡೆ ಕಂಡ ಒಂದು ಪಾಳು ಅಂಗಳದಲ್ಲಿ, ಒಂದೂವರೆ ಪೂದ್ ತೂಕದ, ಅಂದರೆ ಸುಮಾರು 25 ಕಿಲೋದ ಕಲ್ಲಿನಡಿ ಹೂತ. ಒಳಗಿದ್ದದ್ದು 317 ರೂಬಲ್ ಮತ್ತು ಇಪ್ಪತ್ತು ಕೊಪೆಕ್‌ನ ಮೂರು ನಾಣ್ಯ ಎಂದು ಲೆಕ್ಕ ಸಿಕ್ಕಿದ್ದು ಬಹಳ ಮುಂದೆ. ಅವನಂತೂ ಎಣಿಸಿಯೇ ನೋಡಿರಲಿಲ್ಲ. ಹೆಜ್ಜೆ ಎಣಿಸಿದವನು ಹಣ ಎಣಿಸಲಿಲ್ಲ! ಮದುವೆಯಾದ ಹೊಸತರಲ್ಲಿ ದಾಸ್ತೊಯೆವ್‌ಸ್ಕಿ ಹೆಂಡತಿಯನ್ನು ಒಂದು ಅಂಗಳಕ್ಕೆ ಕರೆದೊಯ್ದು ಆ ಕಲ್ಲನ್ನು ತೋರಿಸಿದನಂತೆ. ಇಂಥ ಪಾಳು ಅಂಗಳಕ್ಕೆ ನೀವು ಯಾಕೆ ಬಂದಿದ್ದಿರಿ ಎಂದು ಅವಳು ಕೇಳಿದ್ದಕ್ಕೆ, ದಾರಿಹೋಕರು ಮರೆಯಾದ ಜಾಗ ಹುಡುಕುವುದು ಯಾತಕ್ಕೋ ಅದಕ್ಕೇ ಎಂಬರ್ಥದ ಉತ್ತರ ಬಂತು. ಕಲ್ಲು ಈಗ ನೋಡಲು ಸಿಗುವುದಿಲ್ಲ. ದಾರಿಹೋಕರ ಆ ತೊಂದರೆ ಮಾತ್ರ ಹಾಗೇ ಇದೆ: ಕಾಲುವೆ ದಂಡೆಗುಂಟ ಶೌಚಾಲಯಕ್ಕೆ ಪರದಾಡಬೇಕಾಗುತ್ತದೆ, ಸೆನ್ನಾಯಾದ ಮಾಲ್‌ಗಳಲ್ಲೇ ಮುಗಿಸಿಕೊಂಡು ಹೊರಡುವುದು ಜಾಣತನ.

ಇಲ್ಲಿಯವರೆಗಿನದು ನಿಧಾನವಾಗಿ ನಡೆದರೆ ಎರಡೂವರೆ ಗಂಟೆ. ಇನ್ನೂ ಕಸುವಿದ್ದರೆ ಇಸಾಕ್ ಇಗರ್ಜಿಯ ಬದಿಯಿಂದ ಬ್ಲಗೊವೆಶ್ಚೆನ್ಸ್ಕಿ ಸೇತುವೆಗೆ ಹೋಗಿ. ಆ ಇಗರ್ಜಿಯ ಗುಮ್ಮಟ ಊರಿನ ಬೇರೆಲ್ಲಿಂದಲೂ ಇಷ್ಟು ಚೆನ್ನಾಗಿ ಕಾಣದು ಎಂದು ಕಾದಂಬರಿ ಹೇಳುವ ಜಾಗ ಈ ಸೇತುವೆಯ ಮೇಲೆ, ಅಲ್ಲಿದ್ದ ಪುಟ್ಟ ಪ್ರಾರ್ಥನಾ ಗುಡಿಗೆ ಇನ್ನು ಇಪ್ಪತ್ತು ಹೆಜ್ಜೆ ಇರುವಾಗ. ಮತ್ತೆ ಹೆಜ್ಜೆಯ ಲೆಕ್ಕ. ಗುಡಿ ಈಗಿಲ್ಲ; ಅದಿದ್ದದ್ದು ವಸೀಲ್ಯೆವ್ಸ್ಕಿ ದ್ವೀಪದ ಕಡೆಗೆ, ಆದ್ದರಿಂದ ಆ ತುದಿಯ ಹತ್ತಿರ ನಿಂತು ಅರಮನೆಯ ದಿಕ್ಕಿಗೆ ನೋಡಿ. ಬಂಡಿಯವನ ಚಾಟಿಯೇಟು, ಭಿಕ್ಷೆಯಾಗಿ ಸಿಕ್ಕ ಇಪ್ಪತ್ತು ಕೊಪೆಕ್ ನೀರಿಗೆ ಎಸೆದದ್ದು, ಎಲ್ಲ ಈ ಸೇತುವೆಯ ಮೇಲೆಯೇ. ಹಡಗು ಓಡುವ ತಿಂಗಳುಗಳಲ್ಲಿ ರಾತ್ರಿ ಒಂದರ ಮೇಲೆ ನೆವಾದ ಸೇತುವೆಗಳನ್ನು ಎತ್ತಿಬಿಡುತ್ತಾರೆ. ದ್ವೀಪದಲ್ಲಿ ಸಿಕ್ಕಿಕೊಂಡರೆ ಬಹಳ ಹೊತ್ತು ಕಾಯಬೇಕಾದೀತು. ಕಾದಂಬರಿಯ ಇನ್ನೊಂದು ಪಾತ್ರ ಸ್ವಿದ್ರಿಗಾಯ್ಲೊವ್‌ನ ಕೊನೆಯ ರಾತ್ರಿಯ ತೂಚ್‌ಕೊವ್ ಸೇತುವೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಮಳೆ ಬೇಕು.

ಕೊನೆಗೆ ಮತ್ತೆ ಸೆನ್ನಾಯಾ. ಬರುವಾಗ ಆತುರದಲ್ಲಿ ದಾಟಿದ ಚೌಕಕ್ಕೆ ಕಡೆಯಲ್ಲಿ ಬರುವುದೇ ಸರಿ, ಏಕೆಂದರೆ ಕಾದಂಬರಿಯ ಅತಿ ದುಬಾರಿ ಹೆಜ್ಜೆಗಳು ಬಿದ್ದದ್ದು ಇಲ್ಲಿ. ದ್ವೀಪಗಳಲ್ಲಿ ಅಲೆದು, ಪೊದೆಯಡಿ ಮಲಗಿ, ಕುದುರೆಯೊಂದನ್ನು ಬಡಿದು ಕೊಲ್ಲುವ ಕನಸಿನಿಂದ ಎಚ್ಚೆತ್ತು, ‘ಈ ಕೆಲಸ ನನ್ನಿಂದಾಗದು’ ಎಂದು ಹಗುರಾಗಿ ಮನೆಗೆ ಹೊರಟವನು, ಕಾಲು ಸೋತಿದ್ದರೂ, ಕಾರಣವೇ ಇಲ್ಲದೆ ಸೆನ್ನಾಯಾದ ಮೇಲೆ ಹಾಯ್ದ. ಸುತ್ತು ಸಣ್ಣದು ಎಂದು ಕಾದಂಬರಿಯೇ ಹೇಳುತ್ತದೆ. ಸ್ತೊಲ್ಯಾರ್ನಿಗೆ ಹೋಗುವ ದಾರಿಯನ್ನು ಇಲ್ಲಿಂದ ನೋಡಿದರೆ ಎಷ್ಟು ಸಣ್ಣದೆಂದು ನಿಮಗೂ ಕಾಣುತ್ತದೆ. ಆ ಸುತ್ತಿನಲ್ಲೇ ಲಿಜವೇತಾಳ ಮಾತು ಕಿವಿಗೆ ಬಿದ್ದದ್ದು. ಚೌಕದಿಂದ ಸದೋವಯಾಕ್ಕೆ ಮೊಣಕೈಯಂತೆ ಬಾಗಿ ಸೇರುವ ಗಿಡ್ಡ ಓಣಿಯೂ ಇದೆ, ಹಿಂದೆ ತಾಯಿರೊವ್, ಈಗ ಬ್ರಿನ್ಕೊ. ಮನಸ್ಸು ಕೆಟ್ಟಾಗಲೆಲ್ಲ ಅವನು ನುಸುಳುತ್ತಿದ್ದ ಓಣಿ. ಬಾಗು ಹಾಗೇ ಇದೆ, ನಡೆಯಲು ಎರಡು ನಿಮಿಷ.

ಚೌಕ ಮಾತ್ರ ಗುರುತು ಸಿಗದಷ್ಟು ಬದಲಾಗಿದೆ. ಅದರ ದೊಡ್ಡ ಇಗರ್ಜಿಯನ್ನು 1961ರಲ್ಲಿ ಸಿಡಿಸಿ, ಆ ಜಾಗದಲ್ಲಿ ಮೆಟ್ರೊ ಕಟ್ಟಿದರು. 1963ರಿಂದ ಜನ ಅಲ್ಲಿ ನೆಲದೊಳಗೆ ಇಳಿಯುತ್ತಾರೆ. ಉಳಿದಿರುವ ಹಳಬ ಎಂದರೆ ನಾಲ್ಕು ಕಂಬದ ಪುಟ್ಟ ಕಾವಲುಠಾಣೆ, ಸದೋವಯಾ 37. ಪತ್ರಿಕೆಯ ಸಂಪಾದಕನಾಗಿದ್ದಾಗ ಅಪ್ಪಣೆಯಿಲ್ಲದೆ ತ್ಸಾರ್‌ನ ಮಾತು ಅಚ್ಚುಮಾಡಿದ ತಪ್ಪಿಗೆ 1874ರ ಮಾರ್ಚ್‌ನಲ್ಲಿ ದಾಸ್ತೊಯೆವ್‌ಸ್ಕಿಯನ್ನೇ ಎರಡು ದಿನ ಇದರೊಳಗೆ ಕೂಡಿಹಾಕಿದ್ದರು. ತಪ್ಪೊಪ್ಪಿಗೆಗೆ ಮುನ್ನ ರಾಸ್ಕೋಲ್ನಿಕೊವ್‌ನನ್ನು ಇಲ್ಲಿ ಮಣ್ಣಿಗೆ ಮುತ್ತಿಡಿಸಿದ ಎಂಟು ವರ್ಷದ ಮೇಲೆ, ಅದೇ ಚೌಕದಲ್ಲಿ, ಅದರ ಕರ್ತನಿಗೆ ಬಂಧನ.

ಆ ಮುತ್ತಿನ ಜಾಗಕ್ಕೆ ಫಲಕವಿಲ್ಲ. ಟ್ರಾಮ್ ಹಳಿ, ಹಣ್ಣಿನಂಗಡಿ, ಸಿಗ್ನಲ್ಲಿಗೆ ಕಾಯುವ ಜನ. ಅವತ್ತೂ ಹೀಗೆಯೇ ಇತ್ತು. ಮೊಣಕಾಲೂರಿದವನನ್ನು ನೋಡಿ ಕುಡಿದಿದ್ದಾನೆ ಎಂದವರು ಕೆಲವರು, ಜೆರುಸಲೇಮಿಗೆ ಹೊರಟಿದ್ದಾನೆ ಎಂದು ನಕ್ಕವರು ಕೆಲವರು. ನಗು ಕೇಳಿ ‘ನಾನು ಕೊಂದೆ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು. ಅಲ್ಲಿಂದ ಎದ್ದು ನಡೆದದ್ದು ಪೊಲೀಸ್ ಕಚೇರಿಗೆ. ಅವನ ಮನೆಯಿಂದ ಅದು ಕಾಲು ವೆರ್ಸ್ಟ್, 267 ಮೀಟರ್. ಅದೂ ನಾಲ್ಕನೆಯ ಅಂತಸ್ತು, ಮುದುಕಿಯದರಂತೆ. ಹತ್ತಿದ, ಹೇಳಲಾಗದೆ ಇಳಿದ, ಅಂಗಳದಲ್ಲಿ ನಿಂತ ಸೋನ್ಯಾಳನ್ನು ನೋಡಿ ಮತ್ತೆ ಹತ್ತಿದ. ಆ ಮೆಟ್ಟಿಲು ಎಷ್ಟೆಂದು ಅವನು ಎಣಿಸಲಿಲ್ಲ.